ಟ್ಯಾಂಕಿಗೆ ಔಷಧಿ ಹಾಕ್ಬೇಡ ಪುಟ್ಟ

ಪುಟ್ಟ, ದೊಡ್ಡಮ್ಮ ಮಾತಾಡ್ತಿರೋದು. ಮಳೆ ಜೋರಿದೆ, ಹೆಂಚಿನ ಸದ್ದಿಗೆ ಸರಿ ಕೇಳದಿದ್ರೆ ಇನ್ನೊಂದ್ಸಲ ಹಾಕ್ಕೊಂಡು ಕೇಳು. ರೀಗಲ್ ಏಂಜೆಲ್ ಅನ್ನೋ ಸಮುದ್ರದ ಮೀನು ತಂದು ಮೂರು ದಿನ ಆಯ್ತು, ಏನೂ ತಿಂತಿಲ್ಲ, ಕಲ್ಲಿನ ಸಂದಿ ಬಿಟ್ಟು ಹೊರಗೇ ಬರ್ತಿಲ್ಲ, ರೆಕ್ಕೆ ಮೇಲೆ ಒಂದೆರಡು ಬಿಳಿ ಚುಕ್ಕೆ ಕಂಡಂಗಾಯ್ತು, ತಾಮ್ರದ ಔಷಧಿ ಹಾಕ್ಲಾ ಅಂತ ಕೇಳಿದ್ಯಲ್ಲ. ಹಾಕ್ಬೇಡ ಮಾರಾಯ. ಟ್ಯಾಂಕಿಗೆ ಒಂದು ಹನಿನೂ ಬೇಡ. ಮೊದ್ಲು ಆ ಬಾಟ್ಲಿ ಎತ್ತಿ ಬೀರುವಿನಲ್ಲಿಡು.

ನಮ್ಮನೆ ಜಗಲಿ ಟ್ಯಾಂಕ್ ನಿಂಗೆ ನೆನಪಿರುತ್ತೆ, ಬೇಸಿಗೆ ರಜೆಗೆ ಬಂದಾಗ ನೀವೆಲ್ಲ ಗಾಜಿಗೆ ಮೂಗು ಒತ್ಕೊಂಡು ನಿಂತಿರ್ತಿದ್ರಿ. ಅದ್ರಲ್ಲಿದ್ದಿದ್ದೂ ಇದೇ ಮೀನು. ಹಳದಿ ಮೈ, ನೀಲಿ-ಬಿಳಿ ಪಟ್ಟೆ, ಪಟ್ಟೆ ಅಂಚಿಗೆ ಕಪ್ಪು. ಬೆಂಗ್ಳೂರಿಂದ ರಾತ್ರಿ ಬಸ್ಸಲ್ಲಿ ಥರ್ಮೊಕೋಲ್ ಡಬ್ಬಿ ತೊಡೆ ಮೇಲಿಟ್ಕೊಂಡು ತಂದಿದ್ದು. ಎರಡು ವಾರ ಉಪವಾಸ ಇದ್ದು ಅಂತೂ ತಿನ್ನೋಕೆ ಶುರು ಮಾಡ್ತು. ಅಷ್ಟರಲ್ಲಿ ಆರಿದ್ರಾ ಮಳೆ ಹಿಡ್ಕೊಂಡ್ತು. ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಹೀಟರ್ ಇಲ್ಲ, ಪಂಪ್ ಇಲ್ಲ, ನೀರು 21 ಡಿಗ್ರಿಗೆ ಇಳೀತು. ಮೂರನೇ ದಿನ ನೋಡಿದ್ರೆ ಮೀನಿನ ಮೈ ತುಂಬ ಉಪ್ಪು ಉದುರಿಸಿದಂಗೆ ಚುಕ್ಕೆ.

ನಾನು ಗಾಬರಿ ಬಿದ್ದು ಅಂಗಡಿಗೆ ಫೋನ್ ಮಾಡ್ದೆ. ಆತ ‘ತಾಮ್ರ ಹಾಕಿ ಮೇಡಂ’ ಅಂದ. ಬೇರೆ ತೊಟ್ಟೀಲಿ ಹಾಕ್ಬೇಕು ಅಂತ ಒಂದು ಮಾತು ಹೇಳ್ಲಿಲ್ಲ. ಟ್ಯಾಂಕಿಗೇ ಸುರಿದೆ. ಬೆಳಗ್ಗೆ ಎದ್ದು ನೋಡ್ತೀನಿ, ಸೀಗಡಿ ಎರಡೂ ಮಗುಚಿ ಬಿದ್ದಿದಾವೆ, ಬಸವನಹುಳುಗಳು ಗಾಜಿಂದ ಒಂದೊಂದೇ ಕಳಚಿ ಬೀಳ್ತಿದಾವೆ. ಅವು ಕೊಳೆತು ಅಮೋನಿಯಾ ಏರ್ತು, ಮಾರನೇ ದಿನ ಮೀನೂ ಹೋಯ್ತು. ಇನ್ನೂ ಕಣ್ಣಿಗೆ ಕಟ್ಟಿದಂಗಿದೆ, ಆ ಹಳದಿ ಎಲ್ಲ ಬಿಳಿಚಿಕೊಂಡಿತ್ತು. ಕಲ್ಲೆಲ್ಲ ಸುಣ್ಣದ್ದಲ್ವಾ, ತಾಮ್ರ ಹೀರ್ಕೊಂಡು ಆಮೇಲೆ ನಿಧಾನಕ್ಕೆ ಬಿಡ್ತಾ ಇರುತ್ತೆ. ಅದಾದ್ಮೇಲೆ ಆ ಟ್ಯಾಂಕಲ್ಲಿ ಒಂದು ಸೀಗಡಿನೂ ಉಳೀಲಿಲ್ಲ. ಅದಕ್ಕೇ ಬಡ್ಕೊಳ್ತಿರೋದು, ಟ್ಯಾಂಕಿಗೆ ಔಷಧಿ ಹಾಕ್ಬೇಡ.

ಮೀನು ಹೋಗಿದ್ದು ಒಂದು ನೋವು, ಆಮೇಲೆ ಕೇಳಿದ ಮಾತು ಇನ್ನೊಂದು. ಚೆನ್ನಾಗಿದ್ದಷ್ಟು ದಿನ ಅದು ‘ದೊಡ್ಡಪ್ಪನ ಟ್ಯಾಂಕ್’. ಬಂದೋರಿಗೆಲ್ಲ ಅವರೇ ತೋರ್ಸೋದು. ಬಾವಿ ನೀರು ಆಗಲ್ಲ ಅಂತ ಆರ್‌ಓ ನೀರು ಡ್ರಮ್ಮಲ್ಲಿ ಹಿಡಿದು, ಲೀಟರಿಗೆ 36-37 ಗ್ರಾಂ ಸಮುದ್ರದ ಉಪ್ಪಿನ ಪುಡಿ ತೂಗಿ ಕದಡಿ, ಭಾನುವಾರ ಭಾನುವಾರ ನೀರು ಬದಲಿಸಿದ್ದು ಯಾರು? ಸೊಂಟ ಹಿಡ್ಕೊಂಡಿದ್ದೂ ನಂದೇ. ಎಲ್ಲ ಸತ್ತ ಮಾರನೇ ದಿನದಿಂದ ಅದು ‘ಇವಳು ಔಷಧಿ ಹಾಕಿದ ಟ್ಯಾಂಕ್’ ಆಯ್ತು. ನಿನ್ನ ಚಿಕ್ಕಜ್ಜಿ ಮನೆ ಗೃಹಪ್ರವೇಶದಲ್ಲಿ ಪಂಕ್ತೀಲಿ ಕೂತೋರೆದುರು ಅದನ್ನೇ ಆಡಿದ್ರು. ನಿಮ್ಮಪ್ಪ ಪಕ್ಕದೆಲೇಲೇ ಕೂತಿದ್ದ, ಅತ್ತಿಗೆ ಪರವಾಗಿ ಒಂದು ಮಾತು ಆಡ್ಲಿಲ್ಲ. ಈ ಗ್ರೂಪಲ್ಲೇ ಇದ್ದಾನಲ್ಲ, ಕೇಳಿಸ್ಕೊಳ್ಲಿ. ಕರೆಂಟಿಲ್ಲದ ಆ ಎರಡು ರಾತ್ರಿ ಲೋಟದಲ್ಲಿ ನೀರು ಮೊಗೆದು ಮೊಗೆದು ಹೊಯ್ತಾ ಕೂತಿದ್ದೆ ನಾನು, ಗಾಳಿ ಸೇರ್ಲಿ ಅಂತ. ಯಾರಿಗೂ ಅದು ನೆನಪಿಲ್ಲ.

ಅಯ್ಯೋ, ನೀನು ಏನು ಮಾಡ್ಬೇಕು ಅಂತಾನೇ ಹೇಳ್ಲಿಲ್ಲ ನೋಡು. ಮೂರು ದಿನ ತಿನ್ನದಿದ್ರೆ ಈ ಮೀನಿಗೆ ದೊಡ್ಡ ವಿಷಯ ಅಲ್ಲ. ಸಮುದ್ರದಲ್ಲಿ ಸ್ಪಂಜು ಕೆರೆದು ತಿನ್ನೋದು ಅದು, ನೀನು ಹಾಕೋ ಕಾಳು ಆಹಾರ ಅಂತಾನೇ ಗೊತ್ತಾಗಲ್ಲ ಅದಕ್ಕೆ. ಎರಡು ದಿನ ಲೈಟ್ ಕಮ್ಮಿ ಮಾಡು, ಗಾಜಿನ ಮುಂದೆ ಓಡಾಡ್ಬೇಡ. ಮೀನು ಮಾರ್ಕೆಟ್ಟಿಗೆ ಘಟ್ಟದ ಕೆಳಗಿಂದ ಮರುವಾಯಿ, ಅದೇ ಚಿಪ್ಪಿನ ಮಾಂಸ, ಬಂದಿದ್ರೆ ನಾಲ್ಕು ತಗೊಂಬಾ. ಒಂದು ರಾತ್ರಿ ಫ್ರೀಜರಲ್ಲಿಟ್ಟು, ಬಾಯಿ ಬಿಡಿಸಿ, ಮಾಂಸ ಅಂಟಿರೋ ಚಿಪ್ಪನ್ನ ಅದು ಅಡಗಿರೋ ಸಂದಿ ಹತ್ರ ಇಡು. ಕುಕ್ಕಿ ತಿನ್ನುತ್ತೆ. ಎರಡು ಗಂಟೆ ಬಿಟ್ಟು ಉಳಿದಿದ್ದನ್ನ ತೆಗೀಲೇಬೇಕು, ನೀರು ಕೆಡುತ್ತೆ. ಇವತ್ತೇ ಅಮೋನಿಯಾ, ನೈಟ್ರೈಟ್ ನೋಡು, ಎರಡೂ ಸೊನ್ನೆ ಇರ್ಬೇಕು. ಉಪ್ಪುನೀರಿನ ಸಾಂದ್ರತೆ 1.025, ಬಿಸಿ 25-26 ಡಿಗ್ರಿ. ನೀರು ಆವಿಯಾಗಿ ಇಳಿದ್ರೆ ಬರೀ ಆರ್‌ಓ ನೀರು ಸೇರ್ಸು, ಉಪ್ಪೆಲ್ಲ ಒಳಗೇ ಇರುತ್ತೆ. ಚುಕ್ಕೆ ಹೆಚ್ಚಾದ್ರೆ ಮೀನನ್ನ ಕಲ್ಲು ಮರಳು ಇಲ್ಲದ ಬೇರೆ ತೊಟ್ಟಿಗೆ ಹಾಕು, ಅಡಗೋಕೆ ಪೈಪಿನ ತುಂಡಿಡು. ತಾಮ್ರ ಅಲ್ಲಿ ಮಾತ್ರ, ಅದೂ ಟೆಸ್ಟ್ ಕಿಟ್ಟಲ್ಲಿ ದಿನಾ ಅಳೆದು, ಏಂಜೆಲ್ ಜಾತಿ ಜಾಸ್ತಿ ತಡೆಯಲ್ಲ. ಬ್ಯಾಟರಿ ಏರ್ ಪಂಪ್ ಒಂದು ನನ್ನ ಹತ್ರ ಹಂಗೇ ಇದೆ. ಶನಿವಾರ ನಿಮ್ಮಪ್ಪ ತೀರ್ಥಹಳ್ಳಿಗೆ ಬರ್ತಾನಲ್ಲ, ಮನೆಗೆ ಬಂದು ಊಟ ಮಾಡ್ಕೊಂಡು ತಗೊಂಡು ಹೋಗ್ಲಿ.