‘ವಿಕಿರಣ ತಪಾಸಣೆ’: ವಿಕಿರಣದ್ದೋ, ವಿಕಿರಣದಿಂದಲೋ?

ಪ್ರಶ್ನೆ: ಕಂಟೇನರ್ ಲಾರಿಗಳಿಗೆ ಎಕ್ಸ್-ರೇ ಹಾಯಿಸಿ ನೋಡುವ ಜಾಗದ ಕನ್ನಡ ಫಲಕಕ್ಕೆ ‘ವಿಕಿರಣ ತಪಾಸಣಾ ವಲಯ’ ಸರಿಯೇ? ಕರಡಿನಲ್ಲಿ ‘ವಿಕಿರಣಶೀಲ ವಲಯ’ ಎಂದಿದೆ. ಓದುವವರು ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋ ಕಡೆ ಓಡಾಡುವಂಥ ಡ್ರೈವರ್, ಕ್ಲೀನರ್‌ಗಳು.

ಉತ್ತರ: ಮೊದಲು ‘ವಿಕಿರಣಶೀಲ’ ತೆಗೆಯಿರಿ. ತಾನಾಗಿಯೇ ಕಿರಣ ಸೂಸುವ ವಸ್ತುವಿಗಷ್ಟೇ ಆ ಮಾತು ಸಲ್ಲುತ್ತದೆ. ಕೋಬಾಲ್ಟ್-60 ಅಥವಾ ಸೀಸಿಯಂ-137 ಇಟ್ಟುಕೊಂಡು ಗಾಮಾ ಕಿರಣ ಹಾಯಿಸುವ ಯಂತ್ರಗಳೂ ಇವೆ. ಅಲ್ಲಿ ಮೂಲವೇ ವಿಕಿರಣಶೀಲ. ಕರೆಂಟ್ ಹೋದರೂ ಸೂಸುತ್ತಲೇ ಇರುತ್ತದೆ, ಕವಾಟ ಮುಚ್ಚಿದರಷ್ಟೇ ತಡೆ. ಎಲೆಕ್ಟ್ರಾನುಗಳನ್ನು ಕರೆಂಟಿನಿಂದ ರಭಸವಾಗಿ ಓಡಿಸುವ ವೇಗವರ್ಧಕ ಯಂತ್ರ (6 ಅಥವಾ 9 ಎಂಇವಿ, ಅಂದರೆ ಅಷ್ಟು ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದು) ಹಾಗಲ್ಲ. ಎಲೆಕ್ಟ್ರಾನುಗಳು ಟಂಗ್‌ಸ್ಟನ್‌ನಂಥ ಭಾರಲೋಹಕ್ಕೆ ಬಡಿದಾಗ ಎಕ್ಸ್-ರೇ ಹುಟ್ಟುತ್ತದೆ, ಆಫ್ ಮಾಡಿದ ಕ್ಷಣ ಇಲ್ಲ. ಹಾದುಹೋದ ಸರಕೂ ಲೆಕ್ಕಕ್ಕೆ ಬರುವಷ್ಟು ವಿಕಿರಣಶೀಲವಾಗದು. ಮೂರೆಸಳಿನ ಎಚ್ಚರಿಕೆ ಚಿಹ್ನೆ ಎರಡಕ್ಕೂ ಒಂದೇ ಆದ್ದರಿಂದ ಅನುವಾದಕರು ಇಲ್ಲಿ ಎಡವುತ್ತಾರೆ. ಅಕ್ಕಿ ಲೋಡಿನ ಡ್ರೈವರ್ ಸುಮ್ಮನೆ ಹೆದರುತ್ತಾನೆ.

‘ವಿಕಿರಣ ತಪಾಸಣೆ’ಯ ತೊಡಕು ಸಮಾಸದ್ದು. ವಿಭಕ್ತಿ ಅಡಗಿಬಿಟ್ಟಿದೆ. ವಿಕಿರಣದಿಂದ ಸರಕನ್ನು ನೋಡುವುದೋ, ಸರಕಿನಲ್ಲಿ ವಿಕಿರಣ ಇದೆಯೇ ಎಂದು ನೋಡುವುದೋ? ಎರಡಕ್ಕೂ ಬೇರೆ ಬೇರೆ ಯಂತ್ರ, ಕೆಲವೆಡೆ ಅಕ್ಕಪಕ್ಕದಲ್ಲೇ. ಎರಡನೆಯದು ಇಕ್ಕೆಲದಲ್ಲಿ ಕಂಬದಂತೆ ನಿಂತಿರುತ್ತದೆ, ತಾನು ಏನನ್ನೂ ಸೂಸುವುದಿಲ್ಲ. ಪೊಟ್ಯಾಶ್ ಗೊಬ್ಬರ, ಸೆರಾಮಿಕ್ ಟೈಲ್ಸ್, ಅಷ್ಟೇಕೆ, ನಮ್ಮ ಗ್ರಾನೈಟ್ ಚಪ್ಪಡಿಯ ಲೋಡೂ ಅದರ ಅಲಾರಂ ಹೊಡೆಸಬಲ್ಲದು: ಪೊಟ್ಯಾಸಿಯಂ-40, ಥೋರಿಯಂನಂಥ ವಿಕಿರಣಶೀಲ ಧಾತುಗಳು ಅವುಗಳಲ್ಲಿ ಹುಟ್ಟಿನಿಂದಲೇ ಇರುತ್ತವೆ.

ಆದ್ದರಿಂದ ಒಂದಕ್ಕೆ ‘ಎಕ್ಸ್-ರೇ ತಪಾಸಣೆ’, ಇನ್ನೊಂದಕ್ಕೆ ‘ವಿಕಿರಣ ಪತ್ತೆ’. ‘ಕ್ಷ-ಕಿರಣ’ ಪಠ್ಯಪುಸ್ತಕದಲ್ಲಿ ಚೆಂದ. ಲಾರಿಯವರಿಗೆ ಆಸ್ಪತ್ರೆಯಿಂದ ಬಂದ ‘ಎಕ್ಸ್-ರೇ’ಯೇ ಗೊತ್ತಿರುವುದು.

ಲಾರಿ ನಿಂತಿದ್ದು ಯಂತ್ರವೇ ಚಲಿಸುವ ಕಡೆ ಫಲಕ ಹೀಗಿರಲಿ: ‘ಎಕ್ಸ್-ರೇ ತಪಾಸಣೆ. ಇಂಜಿನ್ ಆಫ್ ಮಾಡಿ, ಎಲ್ಲರೂ ಇಳಿಯಿರಿ. ಸೀಟಿನ ಹಿಂದೆ ಯಾರೂ ಮಲಗಿರಬಾರದು. ಕೆಂಪು ದೀಪ ಉರಿಯುವಾಗ ಗೆರೆ ದಾಟಬೇಡಿ.’ ಮೂರನೇ ವಾಕ್ಯ ಬಿಡಬೇಡಿ. ‘ಎಲ್ಲರೂ’ ಎಂದರೆ ನಿದ್ದೆಯಲ್ಲಿರುವ ಕ್ಲೀನರ್ ನೆನಪಾಗುವುದಿಲ್ಲ.

ಡ್ರೈವರ್ ತಾನೇ ಓಡಿಸಿಕೊಂಡು ಹಾದುಹೋಗುವ ಬಗೆಗೆ ಇದೇ ಫಲಕ ಹಾಕಿದರೆ ಕೆಲಸ ಕೆಡುತ್ತದೆ. ಅಲ್ಲಿ ಕ್ಯಾಬಿನ್ ದಾಟಿದ ಮೇಲೆ ಕಿರಣ ಶುರು. ಚಿತ್ರ ಗೆರೆಗೆರೆಯಾಗಿ ಕೂಡಿಕೊಳ್ಳುವುದರಿಂದ ವೇಗ ಹೆಚ್ಚುಕಡಿಮೆಯಾದರೆ ಹಿಗ್ಗುತ್ತದೆ, ಕುಗ್ಗುತ್ತದೆ. ಆ ಫಲಕಕ್ಕೆ ‘ಒಂದೇ ವೇಗದಲ್ಲಿ ಹೋಗಿ. ನಡುವೆ ನಿಲ್ಲಿಸಬೇಡಿ, ರಿವರ್ಸ್ ಬೇಡ’ ಸಾಕು.