ಮುಳುಗಿದ ಹಳೇ ಕನ್ನಂಬಾಡಿ: ಊರಿನ ಬೀದಿ, ಹೊಲಗಳ ಗುರುತು ಎಲ್ಲಿ ಸಿಗುತ್ತದೆ?

ಊರಗುರುತು:
ಕೆ.ಆರ್.ಎಸ್. ಹಿನ್ನೀರಿನಡಿ ಹೋದ ಹಳೇ ಕನ್ನಂಬಾಡಿ ಎಂದರೆ ಎಲ್ಲರೂ ವೇಣುಗೋಪಾಲಸ್ವಾಮಿ ದೇವಸ್ಥಾನದ ಫೋಟೋ ಹಾಕುತ್ತಾರೆ. ಊರು ಎಲ್ಲಿತ್ತು, ಬೀದಿಗಳು ಹೇಗಿದ್ದವು, ಯಾರ ಜಮೀನು ಎಷ್ಟು ಹೋಯಿತು ಎಂಬುದು ಬೇಕು. ಗ್ರಾಮ ನಕಾಶೆ ತೆಗೆಸಿದರೆ ಮನೆಗಳೂ ಕಾಣುತ್ತವೆಯೇ?

ಚೈನು_ಗುಂಟೆ:
ಕಾಣುವುದಿಲ್ಲ. ಅದು ಕಂದಾಯಕ್ಕಾಗಿ ಅಳೆದ ನಕಾಶೆ. ಗ್ರಾಮಠಾಣಕ್ಕೆ, ಅಂದರೆ ಮನೆಗಳಿರುವ ಜಾಗಕ್ಕೆ, ಸುತ್ತ ಒಂದು ಗೆರೆ ಎಳೆದು ಬಿಟ್ಟಿರುತ್ತಾರೆ, ಒಳಗೆ ಮನೆಮನೆ ಅಳೆದಿರುವುದಿಲ್ಲ. ಸಿಗುವುದು ಊರಿನ ಸುತ್ತಳತೆ, ಬಂಡಿದಾರಿ, ಕೆರೆ, ಗುಂಡುತೋಪು. ಒಂದೊಂದು ಸರ್ವೆ ನಂಬರಿನ ಅಳತೆಗೆ ಟಿಪ್ಪಣಿ (ಅಳತೆ ಬರೆದ ನಕ್ಷೆ), ವಿಸ್ತೀರ್ಣ ಮತ್ತು ಖರಾಬಿಗೆ (ಸಾಗುವಳಿಗೆ ಬಾರದ ಜಮೀನು) ಆಕಾರಬಂದ್ ಎಂಬ ಪಟ್ಟಿ ಕೇಳಿ.

ಮನೆಗಳ ಸುಳಿವು ಇರುವುದು ಭೂಸ್ವಾಧೀನದ ಕಾಗದಗಳಲ್ಲಿ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಗೆಜೆಟ್ ಮತ್ತು ಪರಿಹಾರದ ಕಡತ ಹುಡುಕಿ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆದಿದ್ದರೆ ಅದೇ ಚಿನ್ನ: ‘ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ’ ಎಂಬ ಹತ್ತು ನಮೂದು ಒಂದಕ್ಕೊಂದು ಜೋಡಿಸಿದರೆ ಒಂದು ಬೀದಿ ಎದ್ದು ನಿಲ್ಲುತ್ತದೆ.

ಒಂದೇ ವರ್ಷ ನೋಡಿ ನಿಲ್ಲಿಸಬೇಡಿ. ಅಣೆಕಟ್ಟಿನ ಕೆಲಸ ಶುರುವಾದದ್ದು 1911ರಲ್ಲಿ. 124 ಅಡಿ ನೀರು ನಿಲ್ಲಿಸಲು ಮದ್ರಾಸ್ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1924ರ ಒಪ್ಪಂದದಲ್ಲಿ. ಕಟ್ಟೆ ಹಂತಹಂತವಾಗಿ ಎದ್ದಿತು, ಆದ್ದರಿಂದ 1930ರ ದಶಕದ ಆರಂಭದವರೆಗೂ ನೋಡಬೇಕು.

ಪಟ್ಟಿ ಟೈಪ್ ಮಾಡುವಾಗ ಎಚ್ಚರ. 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕ್ಸೆಲ್‌ನಲ್ಲಿ 2.20 ಎಂದು ಹಾಕಿ ಕೂಡಿದರೆ ಮೊತ್ತ ಕೆಡುತ್ತದೆ. ಎಕರೆ, ಗುಂಟೆ ಬೇರೆ ಬೇರೆ ಕಾಲಂ ಮಾಡಿ, ಗುಂಟೆಯನ್ನು 40ರಿಂದ ಭಾಗಿಸಿ.

ಶಾಸನಪ್ರಿಯ:
ಹಳೇ ದಾಖಲೆಯಲ್ಲಿ ‘ಮಂಡ್ಯ ಜಿಲ್ಲೆ’ ಎಂದು ಹುಡುಕಿದರೆ ಏನೂ ಸಿಗದು, ಆ ಜಿಲ್ಲೆ ಆದದ್ದೇ 1939ರಲ್ಲಿ. ಮೈಸೂರು ಜಿಲ್ಲೆ ಎಂದು ನೋಡಿ. ಇನ್ನೂ ಹಿಂದೆ ಹೋದರೆ ಕೃಷ್ಣರಾಜಪೇಟೆ ‘ಅತ್ತಿಕುಪ್ಪೆ’ ಆಗಿರುತ್ತದೆ, ಪಾಂಡವಪುರ ‘ಫ್ರೆಂಚ್ ರಾಕ್ಸ್’. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಸರಣಿಯ ಪರಿಷ್ಕೃತ 6ನೇ ಸಂಪುಟ ಸುಲಭ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ತಾಲ್ಲೂಕು ಒಂದೇ ಕಡೆ ಇವೆ. ಈ ಸರಣಿಯನ್ನು ಮೊದಲು ತಂದ ಬಿ.ಎಲ್. ರೈಸ್ ಅವರ ಹಳೇ ಮುದ್ರಣದಲ್ಲಿ ಕೃಷ್ಣರಾಜಪೇಟೆ 4ರಲ್ಲಿದೆ, ಶ್ರೀರಂಗಪಟ್ಟಣ 3ರಲ್ಲಿ.

ಬಹಳ ಜನ ಮಾಡುವ ತಪ್ಪು ಇನ್ನೊಂದಿದೆ. ಈಗ ಹೊಸ ಕನ್ನಂಬಾಡಿಯಲ್ಲಿರುವ ದೇವಸ್ಥಾನ ಕಲ್ಲು ಬಿಚ್ಚಿ ತಂದು ಮತ್ತೆ ಕಟ್ಟಿದ್ದು. ಗೂಗಲ್ ಮ್ಯಾಪಿನಲ್ಲಿ ಅದನ್ನೇ ನಡುವೆ ಇಟ್ಟುಕೊಂಡು ಹಳೇ ವರದಿಯ ‘ದೇವಸ್ಥಾನದ ಉತ್ತರಕ್ಕೆ’ ಎಂಬುದನ್ನು ಅಳೆದರೆ ಇಡೀ ಊರೇ ಪಕ್ಕಕ್ಕೆ ಸರಿಯುತ್ತದೆ.

ಊರಗುರುತು:
ಹಾಗಾದರೆ ಹಳೇ ಜಾಗ ಎಷ್ಟು ಅಡಿಗೆ ನೀರು ಇಳಿದಾಗ ಹೊರಗೆ ಕಾಣುತ್ತದೆ ಎಂದು ಟೋಪೋಶೀಟಿನಿಂದ (ನೆಲದ ಎತ್ತರದ ಗೆರೆಗಳಿರುವ ನಕ್ಷೆ) ಲೆಕ್ಕ ಹಾಕಬಹುದೇ?

ಚೈನು_ಗುಂಟೆ:
ಹಾಕಬಹುದು, ಆದರೆ ಪತ್ರಿಕೆಯಲ್ಲಿ ಬರುವ 124.80 ಅಡಿ ನದಿ ಪಾತ್ರದಿಂದ ಅಳೆದದ್ದು. ಟೋಪೋಶೀಟಿನ ಗೆರೆಗಳು ಸಮುದ್ರಮಟ್ಟದಿಂದ. ಮೊದಲು ಅಣೆಕಟ್ಟಿನ ಸೊನ್ನೆ ಅಡಿಯ ಮಟ್ಟ ಸಮುದ್ರದಿಂದ ಎಷ್ಟು ಎಂದು ನೀರಾವರಿ ಕಚೇರಿಯಿಂದ ಪಡೆಯಿರಿ, ಅದಕ್ಕೆ ಆ ದಿನದ ಅಡಿ ಕೂಡಿಸಿ. ಕಟ್ಟೆ ಹುಟ್ಟುವ ಮೊದಲಿನ ಶೀಟೇ ಬೇಕು. ಈಗಿನದರಲ್ಲಿ ಆ ಭಾಗ ಬರೀ ನೀಲಿ. ಹೂಳು ಕೂತಿರುವುದರಿಂದ ಈಗಿನ ನೆಲ ಲೆಕ್ಕಕ್ಕಿಂತ ಮೇಲೇ ಇರಬಹುದು, ಹಳೇ ನೆಲ ಅದರಡಿ ಹೂತಿರಬಹುದು. ನೀರು ಇಳಿದಾಗ ಹೋದರೆ ಬಿರುಕು ಬಿಟ್ಟ ಮಣ್ಣನ್ನು ನಂಬಿ ನಡೆಯಬೇಡಿ, ಮೇಲೆ ಒಣಗಿದ್ದರೂ ಒಳಗೆ ಕೆಸರಿರುತ್ತದೆ.