ಇಬ್ರೇ ಇರೋ ನಮ್ಮ ಜೋಡಿಗೆ ಮೊದ್ಲು ಬೇಕಾಗಿರೋದು ದೊಡ್ಡ ಸ್ಪೀಕರ್ರಾ, ಬ್ಯಾಕಿಂಗ್ ಟ್ರ್ಯಾಕಾ?

ತಂತಿಮೀಟು:

ಎಲ್ರಿಗೂ ನಮಸ್ಕಾರ. ನಾನು ಅಕೌಸ್ಟಿಕ್ ಗಿಟಾರ್ ನುಡಿಸ್ತೀನಿ, ನನ್ ಫ್ರೆಂಡ್ ಹಾಡ್ತಾಳೆ, ನಡುನಡುವೆ ನಾನೂ ದನಿ ಸೇರಿಸ್ತೀನಿ. ಇಬ್ರಿಗೂ ಹೊಟ್ಟೆಪಾಡಿಗೆ ಬೇರೆ ಕೆಲ್ಸ ಇದೆ, ಆದ್ರೂ ತಿಂಗಳಿಗೆ ಎರಡ್ಮೂರು ಕಡೆ ಕರೀತಾರೆ, ಹೆಚ್ಚುಕಮ್ಮಿ ಐವತ್ತು ಅರವತ್ತು ಜನ ಕೂರೋ ಜಾಗಗಳು. ನಮ್ಮತ್ರ ಇರೋದು ಒಂದು 10 ಇಂಚಿನ ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರೋದು), 6 ಚಾನೆಲ್ಲಿನ ಪುಟ್ಟ ಮಿಕ್ಸರ್, ಎರಡು ಎಸ್‌ಎಂ58 ಮೈಕು, ಆಮೇಲೆ ತಂತಿಯ ಸದ್ದು ಹಿಡಿದು ಮಿಕ್ಸರಿಗೆ ಕಳಿಸೋಕೆ ಗಿಟಾರಿನೊಳಗೆ ಮೊದ್ಲಿಂದಾನೇ ಇರೋ ಪಿಕಪ್ಪು.

ಸಮಸ್ಯೆ ಏನಂದ್ರೆ ಹಿಂದೆ ಕೂತವ್ರಿಗೆ ಹಾಡಿನ ಮಾತು ಅರ್ಥ ಆಗ್ತಿಲ್ವಂತೆ, ವಾಲ್ಯೂಮ್ ಜಾಸ್ತಿ ಮಾಡಿದ್ರೆ ಕೂಂಯ್ ಅಂತ ಶುರುವಾಗತ್ತೆ, ಗಿಟಾರಂತೂ ಪ್ಲಾಸ್ಟಿಕ್ ಡಬ್ಬದ ಮೇಲೆ ರಬ್ಬರ್ ಬ್ಯಾಂಡ್ ಮೀಟಿದ ಹಾಗೆ ಕೇಳ್ಸತ್ತೆ. ನಾವು ಸ್ಪೀಕರನ್ನ ನಮ್ಮ ಹಿಂದೆ ಒಂದು ಕುರ್ಚಿ ಮೇಲೆ ಇಡ್ತೀವಿ, ಇಲ್ಲಾಂದ್ರೆ ನಮ್ಮದು ನಮಗೇ ಕೇಳ್ಸಲ್ಲ. ಹೋದ್ಸಲ ಕೇಳೋಕೆ ಬಂದಿದ್ದ ಒಬ್ರು 15 ಇಂಚಿಂದು ಎರಡು ತಗೊಳ್ಳಿ, ಜೊತೆಗೆ ಒಂದು ಸಬ್, ಅಂದ್ರೆ ತೀರಾ ಕೆಳಗಿನ ಸದ್ದಿಗೇ ಇರೋ ಸ್ಪೀಕರ್, ಹಾಕಿ ಅಂದ್ರು. ನನ್ ಫ್ರೆಂಡು ಹೇಳೋದು ಇಬ್ರದ್ದೇ ಸೌಂಡು ಖಾಲಿಖಾಲಿ ಅನ್ಸತ್ತೆ, ಫೋನಿಂದ ಡ್ರಮ್ಸ್, ಬೇಸ್ ಟ್ರ್ಯಾಕ್ ಬಿಡೋಣ ಅಂತ. ನಂಗೆ ಅದು ಮನಸ್ಸಿಗೆ ಒಪ್ತಿಲ್ಲ, ಆದ್ರೆ ಅವಳ ಮಾತನ್ನ ತಳ್ಳಿಹಾಕೋಕೂ ಆಗ್ತಿಲ್ಲ. ಇರೋ ದುಡ್ಡಲ್ಲಿ ಸದ್ಯಕ್ಕೆ ಒಂದನ್ನ ಮಾತ್ರ ತಗೋಬಹುದು. ಇದನ್ನ ಮಾಡಿ ನೋಡಿರೋರು ದಯವಿಟ್ಟು ಹೇಳಿ.

ಫೇಡರ್ ಹಿಂದೆ:

ಏನೂ ತಗೋಬೇಡಿ, ಮೊದ್ಲು ಆ ಸ್ಪೀಕರನ್ನ ಕುರ್ಚಿ ಮೇಲಿಂದ ಎತ್ತಿ. ನಾನು ಹತ್ತನ್ನೆರಡು ವರ್ಷದಿಂದ ಸಣ್ಣಸಣ್ಣ ಕಾರ್ಯಕ್ರಮಗಳಿಗೆ ಸೌಂಡ್ ನೋಡ್ಕೋತಿದೀನಿ, ಇಬ್ರು ಮೂವರು ಇರೋ ತಂಡಗಳಲ್ಲಿ ನಾನು ನೋಡಿರೋ ತೊಂದರೆಗಳಲ್ಲಿ ಮುಕ್ಕಾಲು ಪಾಲು ಸ್ಪೀಕರ್ ಎಲ್ಲಿದೆ, ಬಾಯಿ ಮೈಕಿಂದ ಎಷ್ಟು ದೂರ ಇದೆ ಅನ್ನೋ ಎರಡು ಪ್ರಶ್ನೆಯಲ್ಲೇ ಮುಗಿದುಹೋಗತ್ತೆ.

ಸ್ಪೀಕರ್ ಹಿಂದಿದ್ರೆ ಅದರ ಸದ್ದು ನೇರ ಮೈಕಿನೊಳಗೆ ಹೋಗತ್ತೆ, ಮೈಕಿಂದ ಮತ್ತೆ ಸ್ಪೀಕರಿಗೆ, ಹಿಂಗೇ ಸುತ್ತು ಹೊಡೀತಾ ಹೊಡೀತಾ ಕೂಂಯ್ ಅನ್ನತ್ತೆ. 15 ಇಂಚಿಂದು ತಂದು ಅದೇ ಜಾಗದಲ್ಲಿ ಇಟ್ರೂ ಅದೇ ಸುತ್ತು, ಹೆಚ್ಚುಕಮ್ಮಿ ಅಷ್ಟೇ ಜೋರಿಗೆ ಕೂಗತ್ತೆ. ವ್ಯಾಟ್ ಲೆಕ್ಕಾನೂ ತಿಳ್ಕೊಳ್ಳಿ, 200 ವ್ಯಾಟಿಂದ 400ಕ್ಕೆ ಹೋದ್ರೆ ಸಿಗೋದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಂದ್ರೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ 10 ಪಟ್ಟು ಪವರ್ರು. ಅದೇ ನಿಮ್ಮ ಫ್ರೆಂಡು ಬಾಯನ್ನ ಮೈಕಿಂದ 20 ಸೆಂಟಿಮೀಟರ್ ದೂರದ ಬದಲು 5 ಸೆಂಟಿಮೀಟರಿಗೆ ತಂದ್ರೆ ಸುಮಾರು 12 ಡೆಸಿಬೆಲ್ ಸಿಗತ್ತೆ, ಒಂದು ಕಾಸು ಖರ್ಚಿಲ್ದೆ, ಅದೂ ಫೀಡ್‌ಬ್ಯಾಕ್, ಅಂದ್ರೆ ಆ ಕೂಂಯ್, ಇಲ್ದೆ. ಎಸ್‌ಎಂ58 ಬಂದಿದ್ದು 1966ರಲ್ಲಿ, ಇವತ್ತಿಗೂ ಎಲ್ರೂ ಅದನ್ನೇ ಹಿಡಿಯೋದು ಯಾಕಂದ್ರೆ ಅದು ತುಟಿಗೆ ಅಂಟಿಸ್ಕೊಂಡು ಹಾಡೋಕೇ ಮಾಡಿರೋ ಮೈಕು. ಅಷ್ಟು ಹತ್ರ ಹಾಡಿದ್ರೆ ದನಿ ಸ್ವಲ್ಪ ದಪ್ಪ ಆಗತ್ತೆ, ಮಿಕ್ಸರಲ್ಲಿ ಲೋ ಕಟ್ ಬಟನ್ ಇರತ್ತಲ್ಲ, 80 ಅಥವಾ 100 ಹರ್ಟ್ಸ್ ಅಂತ ಬರೆದಿರತ್ತೆ, ಅದನ್ನ ಒತ್ತಿಬಿಡಿ, ಗುಮ್ಮನ್ನೋದು ಹೋಗಿ ಅಕ್ಷರ ಬಿಡಿಬಿಡಿಯಾಗಿ ಕೇಳ್ಸತ್ತೆ.

ಸ್ಪೀಕರಿಗೆ ಒಂದು ಸ್ಟ್ಯಾಂಡ್ ತಗೊಂಡು ಮೈಕುಗಳಿಗಿಂತ ಮುಂದೆ, ಒಂದು ಪಕ್ಕಕ್ಕೆ, ಕೂತಿರೋ ಜನರ ತಲೆಗಿಂತ ಮೇಲೆ ಇಡಿ. ವ್ಯಂಜನಗಳೆಲ್ಲ ಇರೋದು ಮೇಲಿನ ಫ್ರೀಕ್ವೆನ್ಸಿಯಲ್ಲಿ, ಸ, ತ, ಕ ಇವೆಲ್ಲ, ಅವನ್ನ ಮುಂದಿನ ಸಾಲಿನವರ ಮೈ ನುಂಗಿಬಿಡತ್ತೆ, ಹಿಂದಿನವ್ರಿಗೆ ಬರೀ ಸ್ವರ ತಲುಪತ್ತೆ. ಮಾತು ಅರ್ಥ ಆಗಲ್ಲ ಅಂದ್ರಲ್ಲ, ಅದಕ್ಕೆ ಕಾರಣ ಇದೇ ಇರ್ಬೇಕು.

ಗಿಟಾರ್ ವಿಷಯ ಬೇರೆ. ಬ್ಯಾಟರಿ ಯಾವಾಗ ಹಾಕಿದ್ದು? ಅದರೊಳಗೆ 9 ವೋಲ್ಟಿಂದು ಒಂದು ಇರತ್ತೆ, ಜ್ಯಾಕ್ ಸಿಕ್ಕಿಸಿದ್ರೆ ಸಾಕು ಅದು ಖರ್ಚಾಗ್ತಾನೇ ಇರತ್ತೆ, ನುಡಿಸಿದ್ರೂ ನುಡಿಸದೇ ಇದ್ರೂ. ಬ್ಯಾಟರಿ ಇಳಿದಾಗ ಜೋರಾಗಿ ಮೀಟಿದ್ರೆ ಸದ್ದು ಒಡಕಾಗತ್ತೆ. ಹೊಸದು ಹಾಕಿ, ಮಿಕ್ಸರಲ್ಲಿ ಗೇನ್ (ಒಳಗೆ ಬರೋ ಸದ್ದಿನ ಮಟ್ಟ) ಇಳಿಸಿ, 2 ಕಿಲೋಹರ್ಟ್ಸ್ ಆಸುಪಾಸು ಸ್ವಲ್ಪ ತಗ್ಗಿಸಿ ನೋಡಿ, ಆ ಪ್ಲಾಸ್ಟಿಕ್ ಗುಣ ಜಾಸ್ತಿ ಇರೋದು ಅಲ್ಲೇ. ಗಿಟಾರೂ ಒಳಗಿಂದ ಗುಂಯ್ ಅಂತಿದ್ರೆ ಸೌಂಡ್ ಹೋಲಿಗೆ ರಬ್ಬರ್ ಮುಚ್ಚಳ ಸಿಗತ್ತೆ, ಅದನ್ನ ಹಾಕಿ. ಸಬ್ ನಿಮಗೆ ಬೇಡವೇ ಬೇಡ, ಗಿಟಾರಿನ ಅತಿ ಕೆಳಗಿನ ತಂತಿ ಇರೋದೇ 82 ಹರ್ಟ್ಸಲ್ಲಿ, ಅದಕ್ಕೆ 10 ಇಂಚು ಧಾರಾಳ.

ಎರಡೇ ದನಿ:

ಸೌಂಡ್ ಬಗ್ಗೆ ಮೇಲಿನವರು ಹೇಳಿದ್ದಕ್ಕಿಂತ ಜಾಸ್ತಿ ನಂಗೆ ಗೊತ್ತಿಲ್ಲ, ಟ್ರ್ಯಾಕ್ ಬಗ್ಗೆ ಹೇಳ್ತೀನಿ. ನಾನು ನನ್ ತಂಗಿ ಒಂದು ವರ್ಷ ಪೂರ್ತಿ ಟ್ರ್ಯಾಕ್ ಹಾಕ್ಕೊಂಡೇ ಹಾಡಿದ್ವಿ, ಆಮೇಲೆ ಬಿಟ್ವಿ. ಯಾರೋ ಬೇಡ ಅಂದ್ರು ಅಂತಲ್ಲ. ಒಂದು ಸಂಜೆ ಮುಂದಿನ ಸಾಲಲ್ಲಿ ಕೂತಿದ್ದ ಒಬ್ರು ಹೆಂಗಸು ಎರಡನೇ ಚರಣ ಮುಗೀತಿದ್ದ ಹಾಗೇ ಕಣ್ಣು ಒರೆಸ್ಕೊಂಡ್ರು, ತಂಗಿ ಅದನ್ನ ನೋಡಿ ಆ ಸಾಲನ್ನ ಇನ್ನೊಂದ್ಸಲ ಹಾಡೋಕೆ ಬಾಯಿ ತೆಗೆದ್ಲು, ಅಷ್ಟರಲ್ಲಿ ಟ್ರ್ಯಾಕು ಅದರ ಪಾಡಿಗೆ ಪಲ್ಲವಿಗೆ ಹೋಗಿತ್ತು. ಅವಳು ಬಾಯಿ ಮುಚ್ಕೊಂಡು ಅದರ ಹಿಂದೆ ಓಡಿದ್ಲು. ಮನೆಗೆ ಬರೋ ದಾರೀಲಿ ಇಬ್ರೂ ಮಾತಾಡ್ಲಿಲ್ಲ, ಮಾರನೇ ವಾರದಿಂದ ಫೋನ್ ಚೀಲದಲ್ಲೇ ಉಳೀತು.

ಹಾಗಂತ ನಿಮ್ ಫ್ರೆಂಡ್ ಹೇಳಿದ್ದು ಸುಳ್ಳಲ್ಲ, ಖಾಲಿ ಅನ್ಸತ್ತೆ ಅಂದ್ರೆ ಖಾಲಿ ಇರತ್ತೆ. ಆದ್ರೆ ಅದನ್ನ ತುಂಬೋಕೆ ಬೇರೆ ದಾರಿ ಇದೆ. ನೀವು ಶುರುವಿಂದ ಕೊನೇವರ್ಗೂ ಆರೂ ತಂತಿ ಒಂದೇ ಸಮ ಬಾರಿಸ್ತಿದ್ರೆ ಹಾಡು ಏರೋಕೂ ಜಾಗ ಇರಲ್ಲ, ಇಳಿಯೋಕೂ ಇರಲ್ಲ. ಮೊದಲ ಚರಣದಲ್ಲಿ ಹೆಬ್ಬೆರಳಲ್ಲಿ ಬರೀ ಕೆಳಸ್ವರ ಹಿಡ್ಕೊಂಡು ಅವಳ ದನಿಗೆ ಜಾಗ ಬಿಡಿ, ಪಲ್ಲವಿಗೆ ಬಂದಾಗ ಪೂರ್ತಿ ತೆರೀರಿ, ಆಗ ಅದೇ ಗಿಟಾರು ದೊಡ್ಡದಾಗಿ ಕೇಳ್ಸತ್ತೆ. ನಾವು ಮಾಡಿದ ಇನ್ನೊಂದು ಬದಲಾವಣೆ ಅಂದ್ರೆ ಶ್ರುತಿ. ಅಲ್ಲಿವರ್ಗೂ ನಂಗೆ ನುಡಿಸೋಕೆ ಸಲೀಸು ಅಂತ ಒಂದು ಶ್ರುತಿಯಲ್ಲಿ ಇಟ್ಕೊಂಡಿದ್ದೆ, ತಂಗಿ ಪ್ರತಿ ಹಾಡಲ್ಲೂ ಗಂಟಲು ಬಿಗಿ ಹಿಡಿದು ಹಾಡ್ತಿದ್ಲು. ಕ್ಯಾಪೋ, ಅಂದ್ರೆ ಗಿಟಾರಿನ ಕತ್ತಿಗೆ ಹಾಕಿ ಶ್ರುತಿ ಬದಲಾಯಿಸೋ ಕ್ಲಿಪ್ಪು, ಹಾಕಿ ಅವಳ ಗಂಟಲಿಗೆ ಹೊಂದೋ ಕಡೆ ಸರಿಸಿದ್ವಿ, ಆಮೇಲೆ ದನಿ ತಾನೇ ತುಂಬ್ಕೊಂಡು ಬಂತು. ಲಯಕ್ಕೆ ಏನಾದ್ರೂ ಬೇಕೇ ಬೇಕು ಅಂದ್ರೆ ಕಾಲಲ್ಲಿ ತಟ್ಟೋ ಸ್ಟಾಂಪ್ ಬಾಕ್ಸ್ ಸಿಗತ್ತೆ, ಅದು ನಿಮ್ಮ ಕಾಲು, ನೀವು ನಿಂತ್ರೆ ಅದೂ ನಿಲ್ಲತ್ತೆ.

ಹಿನ್ನೆಲೆಗಾರ:

ಟ್ರ್ಯಾಕ್ ವಿಷಯದಲ್ಲಿ ನಂದು ಬೇರೆ ಅಭಿಪ್ರಾಯ. ಜನ ಎದ್ದು ಕುಣೀಬೇಕು ಅಂತ ಕರೆದಿರೋ ಕಡೆ ಒಂದು ಗಿಟಾರು ಒಂದು ದನಿ ಇಟ್ಕೊಂಡು ಎರಡು ಗಂಟೆ ಕಳೆಯೋದು ಬಹಳ ಕಷ್ಟ, ಅವ್ರಿಗೂ ಬೇಜಾರು ನಮಗೂ ಬೇಜಾರು. ನಾನು ಬಳಸ್ತೀನಿ, ಆದ್ರೆ ಬೇಸು ನಾನೇ ನುಡಿಸಿ ನಾನೇ ರೆಕಾರ್ಡ್ ಮಾಡಿರೋದು, ತಾಳ ತೀರಾ ತೆಳುವಾಗಿ ಇಟ್ಟಿರ್ತೀನಿ, ಗಿಟಾರಾಗ್ಲಿ ದನಿಯಾಗ್ಲಿ ಅದರೊಳಗೆ ಇರಲ್ಲ. ಮೇಲೆ ಹೇಳಿದಂಥ ನಿಧಾನದ ಹಾಡುಗಳಿಗೆ ನಾನೂ ಟ್ರ್ಯಾಕ್ ಹಾಕಲ್ಲ, ಆ ಮಾತು ಪೂರ್ತಿ ಒಪ್ತೀನಿ.

ಬಳಸೋದಾದ್ರೆ ಒಂದು ವಿಷಯ ಗಮನದಲ್ಲಿರ್ಲಿ. ನನ್ನ ಮೊದಲ ಕಾರ್ಯಕ್ರಮದಲ್ಲಿ ಫೋನಿನ ಹೆಡ್‌ಫೋನ್ ಪಿನ್ನಿಂದ ಒಂದು ಸ್ಟೀರಿಯೋ ಕೇಬಲ್ ತಗೊಂಡು ಮಿಕ್ಸರಿನ ಒಂದೇ ಚಾನೆಲಿಗೆ ಚುಚ್ಚಿದ್ದೆ. ಡ್ರಮ್ಸಿನ ರಿವರ್ಬ್, ಅಂದ್ರೆ ಅನುರಣನೆ, ಎಲ್ಲೋ ದೂರದಲ್ಲಿ ಕೇಳ್ತಿತ್ತು, ಕಿಕ್ಕು (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್ಮು), ಬೇಸು ಮಾಯ. ಆ ಇನ್‌ಪುಟ್ಟು ಬ್ಯಾಲೆನ್ಸ್ಡ್, ಅಂದ್ರೆ ಎರಡು ತಂತಿಯಲ್ಲಿ ಬರೋದನ್ನ ಒಂದರಿಂದ ಒಂದು ಕಳೀತದೆ, ಎಡಕ್ಕೂ ಬಲಕ್ಕೂ ಸಮವಾಗಿ ಇರೋದೆಲ್ಲ ಹಿಂಗೆ ಕಳೆದು ಸೊನ್ನೆ ಆಗ್ಬಿಡತ್ತೆ, ಬೇಸು ಕಿಕ್ಕು ಇರೋದು ಮಧ್ಯದಲ್ಲೇ ಅಲ್ವಾ. ಎಡ ಬಲ ಬೇರೆಬೇರೆ ಪಿನ್ನಾಗಿ ಒಡೆಯೋ ಕೇಬಲ್ ತಗೊಂಡು ಎರಡು ಚಾನೆಲಿಗೆ ಹಾಕಿದ್ಮೇಲೇ ಸರಿಹೋಗಿದ್ದು. ಒಂದೇ ಸ್ಪೀಕರ್ ಇರೋದ್ರಿಂದ ಟ್ರ್ಯಾಕನ್ನ ಮೋನೋದಲ್ಲೇ ತಯಾರು ಮಾಡ್ಕೊಳ್ಳೋದು ಇನ್ನೂ ಒಳ್ಳೇದು. ಫೋನ್ ಏರ್‌ಪ್ಲೇನ್ ಮೋಡಲ್ಲಿ ಇರ್ಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ ಅನ್ಕೋತೀನಿ.

ತಂತಿಮೀಟು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿಜವಾಗ್ಲೂ. ಭಾನುವಾರ ಒಂದು ಖಾಲಿ ಹಾಲ್ ಸಿಕ್ತು, ಸ್ಟ್ಯಾಂಡ್ ಒಬ್ರತ್ರ ಇಸ್ಕೊಂಡು ಬಂದು ಎಲ್ಲಾ ಮಾಡಿ ನೋಡಿದ್ವಿ. ಬ್ಯಾಟರಿ ತೆಗೆದು ನೋಡಿದ್ರೆ ಅಂಚಲ್ಲಿ ಬಿಳೀ ಪುಡಿ ಕೂತಿತ್ತು, ನಾನು ಅದನ್ನ ಕೊನೇಸಲ ಬದಲಾಯಿಸಿದ್ದು ಯಾವಾಗ ಅಂತಾನೇ ನೆನಪಿಲ್ಲ, ಮನೇಲಿ ಜ್ಯಾಕ್ ಸಿಕ್ಕಿಸೇ ಇಟ್ಟಿರ್ತಿದ್ದೆ. ಹೊಸದು ಹಾಕಿದ ತಕ್ಷಣ ಮರದ ಸದ್ದು ವಾಪಸ್ ಬಂತು. ಆಮೇಲೆ ನಾನು ಹೋಗಿ ಕೊನೇ ಸಾಲಲ್ಲಿ ಕೂತ್ಕೊಂಡು ಅವಳಿಗೆ ಹಾಡ್ಬೇಡ, ಸುಮ್ನೆ ಹಾಡಿನ ಸಾಲನ್ನ ಓದ್ತಾ ಹೋಗು ಅಂದೆ. ಸ್ಪೀಕರ್ ಹಿಂದೆ ಕುರ್ಚಿ ಮೇಲಿದ್ದಾಗ ನಾಲ್ಕು ಪದದಲ್ಲಿ ಎರಡು ಊಹೆ ಮಾಡ್ಬೇಕಿತ್ತು, ಮುಂದೆ ಸ್ಟ್ಯಾಂಡ್ ಮೇಲೆ ಹೋದ್ಮೇಲೆ ಅವಳು ಉಸಿರು ಎಳ್ಕೊಳ್ಳೋದೂ ಕೇಳ್ತು. ಅಷ್ಟು ದಿನ ಕೊನೇ ಸಾಲಿನವ್ರಿಗೆ ನಾವು ಏನು ಕೇಳಿಸ್ತಿದ್ವಿ ಅಂತ ಯೋಚ್ನೆ ಬಂದು ಬಹಳ ಸಂಕಟ ಆಯ್ತು.

ಟ್ರ್ಯಾಕ್ ಬಗ್ಗೆ ಇಬ್ರೂ ಕೂತು ಮಾತಾಡಿದ್ವಿ. ಸದ್ಯಕ್ಕೆ ಬೇಡ, ಮೂರು ಹಾಡಿನ ಶ್ರುತಿ ಕೆಳಗಿಳಿಸಿದೀವಿ, ಸ್ಟಾಂಪ್ ಬಾಕ್ಸ್ ಒಂದು ತಿಂಗಳು ಪ್ರಯತ್ನ ಮಾಡೋಣ ಅಂದ್ಲು ಅವಳು. ಆದ್ರೆ ಈಗ ಹೊಸ ತೊಂದರೆ, ಸ್ಪೀಕರ್ ಮುಂದೆ ಹೋದ್ಮೇಲೆ ನಮಗೆ ನಮ್ಮ ದನಿ ಸರಿಯಾಗಿ ಕೇಳ್ತಿಲ್ಲ, ಅವಳು ಒಂದೆರಡು ಕಡೆ ಶ್ರುತಿ ತಪ್ಪಿದ್ಲು. ಉಳಿಸಿರೋ ದುಡ್ಡನ್ನ ಮಾನಿಟರಿಗೆ, ಅಂದ್ರೆ ನಮ್ಮ ದನಿ ನಮಗೇ ಕೇಳ್ಸೋಕೆ ಇಡೋ ಸ್ಪೀಕರಿಗೆ, ಹಾಕೋದಾ?

ಫೇಡರ್ ಹಿಂದೆ:

ಹೂಂ, ಅದಕ್ಕೇ ಹಾಕಿ. 8 ಅಥವಾ 10 ಇಂಚಿನ ಒಂದು ಪವರ್ಡ್ ಮಾನಿಟರ್ ಸಾಕು, ಮಿಕ್ಸರಿನ ಆಕ್ಸ್ ಔಟಿಂದ (ಬೇರೆ ಮಿಶ್ರಣ ಹೊರಗೆ ಕಳಿಸೋ ದಾರಿ) ಕೊಡಿ, ಪ್ರೀ ಫೇಡರ್ ಇರ್ಲಿ, ಅಂದ್ರೆ ವಾಲ್ಯೂಮ್ ಸರಿಸೋ ಫೇಡರಿಗಿಂತ ಮೊದ್ಲೇ ಸದ್ದು ತಗೊಳ್ಳೋ ಥರ, ಆಗ ಜನರ ಕಡೆ ಸದ್ದು ಹೆಚ್ಚುಕಮ್ಮಿ ಮಾಡಿದ್ರೂ ನಿಮಗೆ ಬರೋದು ಬದಲಾಗಲ್ಲ. ಅದರಲ್ಲಿ ರಿವರ್ಬ್ ಬೇಡ, ದನಿ ಜಾಸ್ತಿ, ಗಿಟಾರ್ ಸ್ವಲ್ಪ. ಎಸ್‌ಎಂ58 ಕಾರ್ಡಿಯಾಯ್ಡ್ ಮೈಕು, ಅದರ ಕಿವಿ ಪೂರ್ತಿ ಮುಚ್ಚಿರೋದು ನೇರ ಹಿಂಭಾಗದಲ್ಲಿ, ಆದ್ರಿಂದ ಮಾನಿಟರ್ ನಿಮ್ಮ ಎದುರಿಗೇ ನೆಲದ ಮೇಲೆ ಇರ್ಲಿ, ಮೈಕಿನ ಬಾಲ ಅದರ ಕಡೆ ತಿರುಗಿರ್ಲಿ. ಮುಂದೆ ಯಾವತ್ತಾದ್ರೂ ಬೀಟಾ 58ಎ ಥರದ ಸೂಪರ್ ಕಾರ್ಡಿಯಾಯ್ಡ್ ತಗೊಂಡ್ರೆ ಅದಕ್ಕೆ ಹಿಂದೆ ಸ್ವಲ್ಪ ಕೇಳ್ಸತ್ತೆ, ಆಗ ಮಾನಿಟರನ್ನ ಓರೆಯಾಗಿ ಪಕ್ಕಕ್ಕೆ ಸರಿಸ್ಬೇಕು. ಇನ್ನೊಂದು, ನಿಮ್ ಫ್ರೆಂಡು ಮೈಕ್ ಕೈಯಲ್ಲಿ ಹಿಡಿದ್ರೆ ಬಲೆಯ ಭಾಗನ ಮುಷ್ಟಿಯಲ್ಲಿ ಮುಚ್ಚೋಕೆ ಬಿಡ್ಬೇಡಿ, ಹಿಂದಿನ ಸಂದಿ ಮುಚ್ಚಿದ್ರೆ ಅದು ಎಲ್ಲಾ ಕಡೆಯಿಂದಾನೂ ಕೇಳಿಸ್ಕೊಳ್ಳೋಕೆ ಶುರು ಮಾಡತ್ತೆ, ತಕ್ಷಣ ಕೂಗತ್ತೆ.

ಒಂದೇ ಡಬ್ಬದಲ್ಲಿ ಎರಡೂ ಕೆಲ್ಸ ಆಗ್ಬೇಕು, ಹೊರೋದು ಕಮ್ಮಿ ಇರ್ಬೇಕು ಅಂದ್ರೆ ಕಾಲಮ್ ಸ್ಪೀಕರ್ ಇದೆ. 2003ರಲ್ಲಿ ಬೋಸ್ ಕಂಪನಿಯ ಎಲ್1 ಅನ್ನೋ ಕಾಲಮ್ ಬಂದಿದ್ದೇ ಹಾಡೋರ ಹಿಂದೆ ನಿಲ್ಲಿಸೋಕೆ ಅಂತ. ಉದ್ದ ಸಾಲಲ್ಲಿ ಜೋಡಿಸಿರೋ ಪುಟ್ಟ ಸ್ಪೀಕರುಗಳ ಸದ್ದು ದೂರ ಹೋದ ಹಾಗೆ ಮಾಮೂಲಿ ಡಬ್ಬದಷ್ಟು ಬೇಗ ಇಳಿಯಲ್ಲ, ಹತ್ರ ಇರೋ ನಿಮಗೆ ಕಿವಿಗೆ ಹೊಡಿಯಲ್ಲ, ದೂರದವ್ರಿಗೂ ತಲುಪತ್ತೆ. ಆದ್ರೆ ತೀರಾ ಜೋರು ಬೇಕಾದ ಜಾಗದಲ್ಲಿ ಅದೂ ಕೂಗತ್ತೆ, ಹಾಗಾಗಿ ಈಗಿರೋದನ್ನ ಮಾರಿ ಅದಕ್ಕೆ ಹೋಗಿ ಅಂತ ನಾನು ಹೇಳಲ್ಲ.

ಎರಡೇ ದನಿ:

ಮಾನಿಟರ್ ಬರೋವರ್ಗೂ ಇಬ್ರೂ ಸ್ವಲ್ಪ ಒಳಮುಖವಾಗಿ ನಿಂತ್ಕೊಳ್ಳಿ, ಅರ್ಧ ಜನರ ಕಡೆ ಅರ್ಧ ಒಬ್ರ ಕಡೆ ಒಬ್ರು. ಗಿಟಾರಿನ ಹೊಟ್ಟೆಯ ಸದ್ದು ನೇರ ಅವಳ ಕಿವಿಗೆ ಹೋಗತ್ತೆ, ಶ್ರುತಿಗೆ ಅದಕ್ಕಿಂತ ಒಳ್ಳೇ ಆಧಾರ ಇಲ್ಲ. ಅವಳು ಉಸಿರು ತಗೊಳ್ಳೋದು ನಿಮಗೆ ಕಾಣತ್ತೆ, ನೀವೂ ಅಲ್ಲೇ ತಗೋಬಹುದು.

ತಂತಿಮೀಟು:

ಶನಿವಾರ ಒಂದು ಕಡೆ ಹಾಡೋದಿದೆ, ಹಾಗೇ ನಿಂತು ನೋಡ್ತೀವಿ. ಮಾನಿಟರ್ ಸೋಮವಾರ ಹುಡುಕೋಕೆ ಹೋಗ್ತೀನಿ. ಬ್ಯಾಟರಿ ಮಾತ್ರ ಇವತ್ತೇ ಇನ್ನೆರಡು ತಂದು ಗಿಟಾರ್ ಚೀಲಕ್ಕೆ ಹಾಕಿಟ್ಟೆ.